ನಂಬಿದ ಪೆಟ್ಟಿಗೆ

ಚನ್ನಪಟ್ಟಣದಿಂದ ಬೆಂಗಳೂರಿಗೆ ರೈಲಿನಲ್ಲಿ ಕಾಲೇಜಿಗೆ ಓಡಾಡುತ್ತಿದ್ದಾಗ ನನ್ನ ಜೇಬಿನಲ್ಲಿ ಬೆಂಕಿಪೊಟ್ಟಣದಷ್ಟು ಎಂಪಿತ್ರೀ ಪ್ಲೇಯರ್ ಇರುತ್ತಿತ್ತು. ಎಷ್ಟು ಸಲ ಕೈಜಾರಿ ಬಿದ್ದರೂ ಹಾಡುತ್ತಿತ್ತು. ಒಳಗೆ ತಿರುಗುವ ಚಕ್ರವೇ ಇಲ್ಲವಲ್ಲ. ಆ ನಂಬಿಕೆಯಲ್ಲೇ ಅಜ್ಜಿಯ ರಾಗಿ ಬೀಸುವ ಪದಗಳನ್ನು ಅದರಲ್ಲಿ ರೆಕಾರ್ಡ್ ಮಾಡಿಟ್ಟೆ. ಬೇರೆಲ್ಲೂ ನಕಲು ಇಡಲಿಲ್ಲ.

ಅಜ್ಜಿ ತೀರಿಕೊಂಡ ವರ್ಷವೇ ಅದೂ ಸುಮ್ಮನಾಯಿತು. ಕ್ಯಾಸೆಟ್ಟಾದರೆ ಕೆಡುವ ಮುನ್ನ ದನಿ ಎಳೆದು ಎಚ್ಚರಿಸುತ್ತಿತ್ತು. ಇದು ನಿನ್ನೆ ಹಾಡಿತು, ಇವತ್ತು ಇಲ್ಲ. "ಮೆಮೊರಿನೇ ಹೋಗಿದೆ ಸಾರ್" ಎಂದ ರಿಪೇರಿಯವನು.

ರಾಮನಗರದ ಜಾನಪದ ಲೋಕ ಕಟ್ಟಿದ ಎಚ್.ಎಲ್. ನಾಗೇಗೌಡರು ಜನಪದರ ಹಾಡುಗಳನ್ನು ಸಂಗ್ರಹಿಸಿ ಪುಸ್ತಕಗಳಲ್ಲೂ ಉಳಿಸಿದರು. ನಾನು ಯಂತ್ರ ಗಟ್ಟಿಯೇ ಎಂದಷ್ಟೇ ನೋಡಿದೆ, ಹಾಡು ಕಲಿಯಲಿಲ್ಲ.

ಅಮ್ಮನಿಗೆ ಮೂರು ಪದ ನೆನಪಿವೆ, ಅರ್ಧರ್ಧ. ಈಗ ಸಂಜೆ ಅವಳೆದುರು ನೋಟ್‌ಬುಕ್ ಹಿಡಿದು ಕೂರುತ್ತೇನೆ.