ಮನಸ್ಸಿನ ಲೆಕ್ಕ

ಊರು ಬಿಟ್ಟು ಬಂದ ನಮಗೆ ಕ್ಷೇಮಸಮಾಚಾರವೆಂದರೆ ದೇಹದ ಸಮಾಚಾರ. ಸಕ್ಕರೆ ಎಷ್ಟಿದೆ, ಮಂಡಿನೋವು ಹೇಗಿದೆ ಎಂದು ಸಯನ್ ಸ್ಟೇಷನ್ನಿನ ಗದ್ದಲದಲ್ಲಿ ನಿಂತೂ ಕೇಳುತ್ತೇವೆ. ಮನಸ್ಸು ಹೇಗಿದೆಯೆಂದು ಕೇಳುವ ವಾಡಿಕೆ ನಮ್ಮಲ್ಲಿಲ್ಲ. ಕೇಳಿದರೆ ಎದುರಿನವರು ಅಪಾರ್ಥ ಮಾಡಿಕೊಂಡಾರೆಂಬ ಅಂಜಿಕೆ ಬೇರೆ!

ನಮ್ಮ ನೆರೆಯಲ್ಲಿ ಉಡುಪಿಯ ಕಡೆಯ ಹಿರಿಯರೊಬ್ಬರಿದ್ದಾರೆ. ನಲವತ್ತು ವರ್ಷ ಹೋಟೆಲಿನ ಗಲ್ಲಾಪೆಟ್ಟಿಗೆಯ ಮುಂದೆ ಕುಳಿತವರು. ಕೆಲಸ ಬಿಟ್ಟ ಮೇಲೆ ಸಂಘದ ಸಭೆಗಳಿಗೂ ಬರುವುದನ್ನು ನಿಲ್ಲಿಸಿದರು. ಬೆಂಗಳೂರಿನ ಮಗ ಭಾನುವಾರ ಫೋನು ಮಾಡದಿದ್ದರೆ, "ಅವನಿಗೆ ನಾನು ಬೇಡವಾದೆ" ಎನ್ನುವರು. ಮರುದಿನ ಮಾಡಿದರೆ, "ಸೊಸೆ ಹೇಳಿರಬೇಕು, ಅದಕ್ಕೆ ಮಾಡಿದ" ಎನ್ನುವರು. ಫೋನು ಬಂದರೂ ಬಾರದಿದ್ದರೂ ತೀರ್ಪು ಒಂದೇ! ಊಟ ಇಳಿಯಿತು, ನಸುಕಿನ ಮೂರಕ್ಕೇ ಎಚ್ಚರವಾಗತೊಡಗಿತು. ಕಡೆಗೊಂದು ದಿನ ಅವರ ಮಡದಿ ನಮ್ಮ ಮನೆಗೆ ಬಂದು, "ನಾನಿಲ್ಲದಿದ್ದರೆ ನಿಮಗೆಲ್ಲ ಸುಖ ಅನ್ನುತ್ತಾರೆ" ಎಂದು ಕಣ್ಣೀರಿಟ್ಟರು. ಇಂಥ ಮಾತನ್ನು ಬೇಸರದ ಮಾತೆಂದು ತಳ್ಳಿಹಾಕಬಾರದು. ಮರುದಿನವೇ ಮನೋವೈದ್ಯರಲ್ಲಿಗೆ ಕರೆದೊಯ್ದೆವು.

ಅಮೆರಿಕದ ಫಿಲಡೆಲ್ಫಿಯಾದಲ್ಲಿ ಆರನ್ ಬೆಕ್ ಎಂಬ ಮನೋವೈದ್ಯರಿದ್ದರು. 2021ರಲ್ಲಿ ನೂರು ವರ್ಷ ತುಂಬಿದ ಮೇಲೆ ತೀರಿಕೊಂಡರು. ಖಿನ್ನತೆಯ ರೋಗಿಗಳ ತಲೆಯಲ್ಲಿ ಕರೆಯದೆಯೇ ಬಂದು ಕೂರುವ ಯೋಚನೆಗಳನ್ನು ಅವರು ಗುರುತಿಸಿ, 1963ರಲ್ಲಿ ಆ ಕುರಿತು ಬರೆದರು. ನಾನು ಕೆಲಸಕ್ಕೆ ಬಾರದವನು, ಲೋಕ ನನಗೆ ವಿರುದ್ಧ, ಮುಂದೆಯೂ ಹೀಗೆಯೇ — ಈ ಮೂರು ಜಾಡಿನಲ್ಲೇ ಅವು ಓಡುತ್ತವೆಯೆಂದೂ, ಯೋಚನೆಯನ್ನು ಪುರಾವೆಯೊಡನೆ ತಾಳೆ ನೋಡಲು ಕಲಿಸಬಹುದೆಂದೂ ಅವರು ಕಂಡುಕೊಂಡರು.

ನಮ್ಮ ಹಿರಿಯರಿಗೂ ಮಾತ್ರೆಯ ಜೊತೆಗೆ ಇದೇ ಚಿಕಿತ್ಸೆ. ನೋಟುಪುಸ್ತಕದ ಎಡಕ್ಕೆ ನಡೆದದ್ದು, ಬಲಕ್ಕೆ ಮನಸ್ಸು ಅಂದದ್ದು, ಕೊನೆಗೆ ಅದಕ್ಕೇನು ಆಧಾರ ಎಂದು ಬರೆಯಬೇಕು. ಜಮಾಖರ್ಚು ಬರೆದು ಪಳಗಿದ ಕೈ! ಕೆಲವು ವಾರಗಳ ಮೇಲೆ ಅವರೇ ಹೇಳಿದರು: "ಇಷ್ಟು ದಿನ ರಶೀದಿ ಇಲ್ಲದ ಖರ್ಚು ಬರೆಯುತ್ತಿದ್ದೆನಲ್ಲ ಮಾರಾಯ್ರೇ!" ಈಗ ನಿದ್ದೆ ಬರುತ್ತದೆ. ಸಭೆಗಳಿಗೆ ಇನ್ನೂ ಬಂದಿಲ್ಲ.

ಹಾಗೆಂದು ಖಿನ್ನತೆಗೆಲ್ಲ ಯೋಚನೆಯೇ ಕಾರಣವೆಂದು ಯಾರೂ ತಿಳಿಯಬಾರದು. ವಂಶದ ಗುಣ, ಅಗಲಿಕೆ, ಥೈರಾಯಿಡ್ ಕೊರತೆ, ಇವೂ ಉಂಟು. ಕುಗ್ಗಿದ ಮನಸ್ಸು ಕೆಟ್ಟ ಯೋಚನೆಯನ್ನು ಹೆರುತ್ತದೆ, ಆ ಯೋಚನೆ ಮನಸ್ಸನ್ನು ಇನ್ನಷ್ಟು ಕುಗ್ಗಿಸುತ್ತದೆ. "ಒಳ್ಳೆಯದನ್ನೇ ಯೋಚಿಸಿ" ಎಂಬ ನಮ್ಮವರ ಉಪದೇಶ ಇಂಥವರಿಗೆ ಗಾಯದ ಮೇಲಿನ ಉಪ್ಪು.

ಕನ್ನಡಕ್ಕೆ ಈ ವಿಚಾರ ಹೊಸತೇನೂ ಅಲ್ಲ. 'ಕೊರವಂಜಿ'ಯಿಂದ ನಾಡನ್ನು ನಗಿಸಿದ ರಾಶಿಯವರು ವೈದ್ಯರಾಗಿದ್ದರು. ಅವರ 'ಮನ ಮಂಥನ'ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು.

ಸಯನ್ ಆಸ್ಪತ್ರೆಯೆಂದು ನಾವೆಲ್ಲ ಕರೆಯುವ ಲೋಕಮಾನ್ಯ ತಿಲಕ ಆಸ್ಪತ್ರೆಯಲ್ಲಿ ಮನೋರೋಗ ವಿಭಾಗವಿದೆ. 2022ರ ಅಕ್ಟೋಬರಿನಲ್ಲಿ ಸರಕಾರ ಆರಂಭಿಸಿದ ಟೆಲಿ ಮಾನಸ್ ಸೇವೆಯ ಸಂಖ್ಯೆ 14416. ಹಗಲಿರುಳೂ ಉಚಿತ, ಕನ್ನಡದಲ್ಲಿಯೂ ಮಾತನಾಡಬಹುದು.