ಎಂಟನೆಯ ದಿನ

ಮಠದ ದಾಸೋಹದ ಪಂಕ್ತಿಯಲ್ಲಿ ಇಂದು ಉಂಡವನು ನಾಳೆ ಬಡಿಸಲು ನಿಲ್ಲುತ್ತಾನೆ; ಇಂದು ಬಡಿಸಿದವನು ನಾಳೆ ಎಲೆಯ ಮುಂದೆ ಕುಳಿತಿರುತ್ತಾನೆ. ಸೇವೆಯೆಂಬುದು ಉಳ್ಳವನು ಇಲ್ಲದವನಿಗೆ ತೋರುವ ಕರುಣೆಯಲ್ಲ, ಸರದಿಯಿಂದ ಎಲ್ಲರ ಪಾಲಿಗೂ ಬರುವ ಕರ್ತವ್ಯವೆಂಬ ತಿಳಿವು ಮಠದ ನೆರಳಿನಲ್ಲಿ ಬೆಳೆದ ಮಕ್ಕಳಿಗೆ ಪುಸ್ತಕಕ್ಕಿಂತ ಮೊದಲು ಈ ಪಂಕ್ತಿಯಲ್ಲಿಯೇ ದೊರೆಯುತ್ತದೆ.

ಇಂತಹ ತಿಳಿವಿಗೆ ಕಾಲೇಜುಗಳಲ್ಲಿ ಒಂದು ವ್ಯವಸ್ಥಿತ ರೂಪ ಬಂದದ್ದು ಮಹಾತ್ಮಾ ಗಾಂಧಿಯವರ ಜನ್ಮಶತಾಬ್ದಿಯ ವರ್ಷದಲ್ಲಿ. ಬಳ್ಳಾರಿ ಕ್ಷೇತ್ರದಿಂದ ಲೋಕಸಭೆಗೆ ಆಯ್ಕೆಯಾಗಿ ಕೇಂದ್ರ ಶಿಕ್ಷಣ ಸಚಿವರಾಗಿದ್ದ ಡಾ. ವಿ. ಕೆ. ಆರ್. ವಿ. ರಾವ್ ಅವರು 1969ರ ಸೆಪ್ಟೆಂಬರ್ 24ರಂದು ರಾಷ್ಟ್ರೀಯ ಸೇವಾ ಯೋಜನೆಗೆ ಚಾಲನೆಯಿತ್ತರು. ಮೊದಲಿಗೆ 37 ವಿಶ್ವವಿದ್ಯಾಲಯಗಳ ಸುಮಾರು 40,000 ವಿದ್ಯಾರ್ಥಿಗಳು ಅದರಲ್ಲಿ ತೊಡಗಿದರು. ಸ್ವಯಂಸೇವಕನಾದವನು ಎರಡು ವರ್ಷಗಳಲ್ಲಿ 240 ಗಂಟೆಗಳ ಸೇವೆ ಸಲ್ಲಿಸಬೇಕು. ಗ್ರಾಮವೊಂದರಲ್ಲಿ ನಡೆಯುವ ಏಳು ದಿನಗಳ ವಿಶೇಷ ಶಿಬಿರದಲ್ಲಿಯೂ ಪಾಲ್ಗೊಳ್ಳಬೇಕು.

ಅಂತಹ ಒಂದು ಶಿಬಿರದ ಸಂಗತಿ. ವಿದ್ಯಾರ್ಥಿಗಳು ಹಗಲೆಲ್ಲ ಚರಂಡಿ ಬಿಡಿಸಿ, ಸಸಿ ನೆಟ್ಟು, ಇರುಳಾದೊಡನೆ ಗುಡಿಯ ಕಟ್ಟೆಯ ಮೇಲೆ ಅಕ್ಷರ ಕಲಿಸಲು ಕುಳಿತರು. ಕಲಿಯಲು ಬಂದವರಲ್ಲಿ ವೃದ್ಧೆಯೊಬ್ಬಳಿದ್ದಳು. ಪಿಂಚಣಿಯ ಹಣಕ್ಕಾಗಿ ಹೆಬ್ಬೆಟ್ಟು ಒತ್ತಿ ಒತ್ತಿ ಬೇಸತ್ತಿದ್ದ ಆಕೆಗೆ ತನ್ನ ಹೆಸರನ್ನು ತಾನೇ ಬರೆಯಬೇಕೆಂಬ ಹಂಬಲ. ಐದನೆಯ ದಿನ ಮೊದಲಕ್ಷರ ಬಂದಿತು. ಏಳನೆಯ ದಿನ ಎರಡನೆಯದು. ಅಂದೇ ಸಮಾರೋಪವಾಯಿತು, ಭಾಷಣವಾಯಿತು, ಭಾವಚಿತ್ರ ತೆಗೆದದ್ದಾಯಿತು, ಪ್ರಮಾಣಪತ್ರ ಹಂಚಿದ್ದಾಯಿತು. ಎಂಟನೆಯ ದಿನ ಸಂಜೆ ಆಕೆ ಎಂದಿನಂತೆ ಪಾಟಿ ಹಿಡಿದು ಕಟ್ಟೆಗೆ ಬಂದಳು. ಕಟ್ಟೆ ಬರಿದಾಗಿತ್ತು. ಹೆಸರಿನ ಮೂರನೆಯ ಅಕ್ಷರ ಹಾಗೆಯೇ ಉಳಿಯಿತು.

ತಪ್ಪು ಆ ತರುಣರದೆನ್ನುವಂತಿಲ್ಲ. ಅವರಿಗೆ ಪರೀಕ್ಷೆಯಿದೆ, ಮನೆಯಿದೆ. ಸೇವೆ ತರುಣರ ಪಾಲಿಗೆ ಮಾತ್ರ ಸೇರಿದ್ದು, ನಿವೃತ್ತರ ಪಾಲಿಗೆ ವಿಶ್ರಾಂತಿಯೊಂದೇ ಎಂದು ಎಲ್ಲರೂ ಭಾವಿಸಿದ್ದರಲ್ಲಿಯೇ ತಪ್ಪಿದೆ. ಅದೇ ಊರಿನಲ್ಲಿ ಮೂವತ್ತು ವರ್ಷ ಪಾಠ ಹೇಳಿದ ಮೇಷ್ಟರಿರುತ್ತಾರೆ, ಮನೆಮನೆಯ ಸುಖದುಃಖ ಬಲ್ಲ ಅಂಚೆಯವರಿರುತ್ತಾರೆ, ಹೆರಿಗೆಯಿಂದ ಹಿಡಿದು ಹುಣ್ಣಿನವರೆಗೆ ಆರೈಕೆ ಮಾಡಿದ ದಾದಿಯರಿರುತ್ತಾರೆ. ಅವರಿಗೆ ಸಮಯವುಂಟು, ತಾಳ್ಮೆಯುಂಟು, ಕರೆಯುವವರಿಲ್ಲ. ಮುಂಜಾನೆ ಪತ್ರಿಕೆ ಓದಿ ಮುಗಿಸಿದ ಮೇಲೆ ದಿನವನ್ನು ಹೇಗೆ ಕಳೆಯುವುದೆಂಬ ಚಿಂತೆ ಎಷ್ಟು ಹಿರಿಯರನ್ನು ಒಳಗೊಳಗೇ ಕೊರೆಯುತ್ತಿದೆಯೆಂಬುದು ಮನೆಯವರಿಗೂ ತಿಳಿಯದು.

ಹಿರಿಯರು ತೊಡಗಲು ಈಗ ದಾರಿಗಳಿಲ್ಲದಿಲ್ಲ. 2022ರಲ್ಲಿ ಆರಂಭವಾದ ನವಭಾರತ ಸಾಕ್ಷರತಾ ಕಾರ್ಯಕ್ರಮವು 15 ವರ್ಷ ಮೀರಿದ ನಿರಕ್ಷರಿಗಳಿಗೆ ಸ್ವಯಂಸೇವಕರ ಮೂಲಕವೇ ಕಲಿಸುವ ಉದ್ದೇಶದ್ದು. ಸರಕಾರಿ ಮತ್ತು ಅನುದಾನಿತ ಶಾಲೆಗಳಲ್ಲಿ ನೆರವಾಗಬಯಸುವ ನಿವೃತ್ತ ಶಿಕ್ಷಕರಿಗೆ ವಿದ್ಯಾಂಜಲಿ ಯೋಜನೆಯುಂಟು. ಆದರೆ ಯೋಜನೆ ಬಾಗಿಲನ್ನು ತೆರೆಯಬಲ್ಲುದೇ ಹೊರತು ಕೈಹಿಡಿದು ಒಳಗೆ ಕರೆತರಲಾರದು. ಆ ಕೆಲಸ ಶಾಲೆಯದು, ಅಧ್ಯಾಪಕರದು, ಹಳೆಯ ವಿದ್ಯಾರ್ಥಿಗಳದು.

ಅದಕ್ಕೆ ದೊಡ್ಡ ವೆಚ್ಚ ಬೇಕಿಲ್ಲ. ಶಿಬಿರದ ಮೊದಲ ದಿನವೇ ಪ್ರತಿಯೊಬ್ಬ ವಿದ್ಯಾರ್ಥಿಯ ಜೊತೆಗೆ ಆ ಊರಿನ ಹಿರಿಯರೊಬ್ಬರನ್ನು ಕೂಡಿಸಿದರಾಯಿತು. ಇಬ್ಬರೂ ಒಟ್ಟಿಗೆ ಕಲಿಸಲಿ. ಏಳನೆಯ ದಿನ ಹಾಜರಿ ಪುಸ್ತಕವೂ ಸುಣ್ಣದ ಕಡ್ಡಿಯೂ ಹಿರಿಯರ ಕೈ ಸೇರಲಿ. ತಿಂಗಳಿಗೊಂದು ಭಾನುವಾರ ವಿದ್ಯಾರ್ಥಿ ಮರಳಿ ಬಂದು ಕಲಿಕೆ ಎಲ್ಲಿಗೆ ಬಂದಿತೆಂದು ನೋಡಿಹೋಗಲಿ. ತರುಣನಿಗೆ ಹಿಡಿದ ಕೆಲಸ ಬಿಡದ ಅಭ್ಯಾಸ, ಹಿರಿಯರಿಗೆ ಮಾಡುವ ಕೆಲಸ, ಕಲಿಯುವವರಿಗೆ ಅಕ್ಷರ: ಒಂದೇ ಸೇವೆಯಿಂದ ಮೂವರಿಗೂ ಹಿತವಾದೀತು.

ಆಯ್ದಕ್ಕಿ ಮಾರಯ್ಯನು ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ ಲಕ್ಕಮ್ಮನು ಅದನ್ನು ಹಿಂದಿರುಗಿಸಲು ಹೇಳಿದ ಕಥೆಯನ್ನು ನಾಡೆಲ್ಲ ಬಲ್ಲುದು. ಆಕೆ ಅಳತೆಯಿಟ್ಟದ್ದು ಕೊಳ್ಳುವುದಕ್ಕೆ, ಕೊಡುವುದಕ್ಕಲ್ಲ. 240 ಗಂಟೆಯೆಂಬ ಲೆಕ್ಕ ವಿಶ್ವವಿದ್ಯಾಲಯಕ್ಕೆ ಬೇಕು. ಮೂರನೆಯ ಅಕ್ಷರಕ್ಕಾಗಿ ಕಾದು ಕುಳಿತವಳಿಗೆ ಬೇಕಾದದ್ದು ಎಂಟನೆಯ ದಿನವೂ ಕಟ್ಟೆಯ ಮೇಲೆ ಒಂದು ದೀಪ, ಅದರ ಬಳಿ ಒಬ್ಬ ಮನುಷ್ಯ.