ಇಳಿಯುವ ಬೆಲೆ

2019ರ ಚಳಿಗಾಲದ ಒಂದು ಸಂಜೆ. ದೆಹಲಿ ಕರ್ನಾಟಕ ಸಂಘದಲ್ಲಿ ನಾಟಕ ಮುಗಿದು, ಹೊರಗೆ ಕಾಫಿ ಹಿಡಿದು ನಿಂತಿದ್ದಾಗ ಮಿತ್ರರೊಬ್ಬರು ತಮ್ಮ ಕಾರನ್ನು ಮಾರುವುದಾಗಿ ಹೇಳಿದರು. ಎರಡೇ ಆಸನಗಳ, ಗುಂಡಿಯೊತ್ತಿದರೆ ಛಾವಣಿ ಮಡಚಿಕೊಂಡು ಹಿಂದಕ್ಕೆ ಸರಿಯುವ, ಜರ್ಮನಿಯ ಸ್ಪೋರ್ಟ್ಸ್ ಕಾರು ಅದು. 2009ರಲ್ಲಿ ಹೊಸದಾಗಿದ್ದಾಗ ಅದರ ಬೆಲೆ 60 ಲಕ್ಷ ರೂಪಾಯಿ. 2016ರಲ್ಲಿ ಇವರು ಬ್ಯಾಂಕಿನ ಸಾಲ ಪಡೆದು 28 ಲಕ್ಷಕ್ಕೆ ಕೊಂಡಿದ್ದರು. ಈಗ 16 ಲಕ್ಷಕ್ಕೆ ಕೊಡುತ್ತೇನೆ ಎಂದರು.

ನನ್ನ ಕೈಯಲ್ಲಿದ್ದ ಕಾಫಿ ಆರಿತು. ಸಕಲೇಶಪುರದ ನನ್ನ ಬಾಲ್ಯದಲ್ಲಿ ತೋಟದ ಸಾಹುಕಾರರೊಬ್ಬರ ಬಳಿ ತೆರೆದ ಛಾವಣಿಯ ಕೆಂಪು ಕಾರೊಂದಿತ್ತು. ಮಳೆಗಾಲದ ಎರಡು ಮಳೆಗಳ ನಡುವೆ ಅದು ಹೇಮಾವತಿ ಸೇತುವೆಯನ್ನು ದಾಟುವುದನ್ನು ನೋಡಲು ನಾವು ಹುಡುಗರು ಶಾಲೆಗೆ ತಡವಾಗಿ ಹೋಗಿ ಬೆಂಚಿನ ಮೇಲೆ ನಿಂತದ್ದುಂಟು. ಐವತ್ತಾರನೆಯ ವಯಸ್ಸಿನಲ್ಲಿ, ಮಗಳ ಮದುವೆಯೂ ಮುಗಿದ ಮೇಲೆ, ಆ ಹುಡುಗನಿಗೆ ಮೊದಲ ಬಾರಿಗೆ ಬ್ಯಾಂಕಿನಲ್ಲಿ ಸ್ವಂತದ ಹಣವಿತ್ತು.

ಆದರೆ ನಾನು ಲೆಕ್ಕಪತ್ರ ವಿಭಾಗದಲ್ಲಿ ದುಡಿದವನು. ಆಸೆಗಿಂತ ಮೊದಲು ಕಾಗದವನ್ನೇ ತೆಗೆದುಕೊಂಡೆ.

ಕಾರಿನ ಬೆಲೆ ಏಕೆ ಹೀಗೆ ಕುಸಿಯುತ್ತದೆ? ವಿಮೆಯ ಕೋಷ್ಟಕವೇ ಮೊದಲ ಆರು ತಿಂಗಳಿಗೆ ಶೇ 5, ಐದನೆಯ ವರ್ಷಕ್ಕೆ ಶೇ 50 ಸವಕಳಿಯನ್ನು ಕಳೆಯುತ್ತದೆ. ಐದು ವರ್ಷ ದಾಟಿದರೆ ವಿಮೆದಾರರೂ ಮಾಲೀಕರೂ ಮಾತಾಡಿಕೊಂಡದ್ದೇ ಮೌಲ್ಯ. ಇದು ಎಲ್ಲ ಕಾರುಗಳಿಗೂ ಅನ್ವಯಿಸುವ ಮಾತು. ಸ್ಪೋರ್ಟ್ಸ್ ಕಾರಿಗೆ ಇನ್ನಷ್ಟು ಕಾರಣಗಳಿವೆ. ಎರಡು ಆಸನದಲ್ಲಿ ಅತ್ತೆ ಮಾವಂದಿರಿಗೆ ಜಾಗವಿಲ್ಲ. ನೆಲಕ್ಕೆ ತಗ್ಗಿದ ಹೊಟ್ಟೆಗೆ ನಮ್ಮ ರಸ್ತೆಯುಬ್ಬುಗಳು ಶತ್ರುಗಳು. ಹೊಸತನ್ನು ಕೊಳ್ಳಬಲ್ಲವರಿಗೆ ಹಳತು ಬೇಡ, ಹಳತನ್ನು ಕೊಳ್ಳಬಲ್ಲವರಿಗೆ ಅದನ್ನು ಸಾಕುವ ಧೈರ್ಯವಿಲ್ಲ. ಇವುಗಳ ಮೇಲೆ ದೆಹಲಿಯದೇ ಆದ ಕಾರಣ ಬೇರೆ. ಹಸಿರು ನ್ಯಾಯಮಂಡಳಿಯ ಆದೇಶವನ್ನು ಸುಪ್ರೀಂ ಕೋರ್ಟ್ 2018ರಲ್ಲಿ ಎತ್ತಿಹಿಡಿದ ಮೇಲೆ, ರಾಜಧಾನಿ ವಲಯದಲ್ಲಿ 10 ವರ್ಷ ದಾಟಿದ ಡೀಸೆಲ್ ವಾಹನವೂ 15 ವರ್ಷ ದಾಟಿದ ಪೆಟ್ರೋಲ್ ವಾಹನವೂ ಓಡುವಂತಿರಲಿಲ್ಲ. ಮಿತ್ರರ ಪೆಟ್ರೋಲ್ ಕಾರಿಗೆ ಉಳಿದದ್ದು ಐದೇ ವರ್ಷ.

ಇನ್ನು ಇಳಿಯದಿರುವ ಬೆಲೆಗಳ ಪಟ್ಟಿ. ಕಾರು 60ರಿಂದ 16 ಲಕ್ಷಕ್ಕೆ ಇಳಿದರೂ ಅದರ ಗೇರ್‌ಬಾಕ್ಸ್ 60 ಲಕ್ಷದ ಕಾರಿನ ಗೇರ್‌ಬಾಕ್ಸೇ. ಬಿಡಿಭಾಗದ ಅಂಗಡಿಯಲ್ಲಿ ಅದಕ್ಕೆ ವಯಸ್ಸಿನ ರಿಯಾಯಿತಿ ಸಿಕ್ಕುವುದಿಲ್ಲ. ನಿವೃತ್ತಿಯ ನಂತರ ಊರಿಗೆ ಒಯ್ಯೋಣವೆಂದರೆ ಕರ್ನಾಟಕದಲ್ಲಿ 20 ಲಕ್ಷ ಮೀರಿದ ಕಾರಿಗೆ ಜೀವಿತಾವಧಿ ತೆರಿಗೆ ಶೇ 18. ಹೊರರಾಜ್ಯದ ಹಳೆಯ ವಾಹನಕ್ಕೆ ವಯಸ್ಸು ನೋಡಿ ಕಡಿಮೆ ಮಾಡುತ್ತಾರೆ ನಿಜ, ಆದರೆ ಲೆಕ್ಕ ಹೊರಡುವುದು ನಾನು ಕೊಟ್ಟ ಬೆಲೆಯಿಂದಲ್ಲ, ಕಾರು ಹೊಸದಾಗಿದ್ದಾಗಿನ ಬೆಲೆಯಿಂದ. ಸಂತೆ ಮರೆತ ಬೆಲೆಯನ್ನು ಗ್ಯಾರೇಜೂ ಸರ್ಕಾರವೂ ನೆನಪಿಟ್ಟುಕೊಂಡಿರುತ್ತವೆ.

ಇಷ್ಟೆಲ್ಲ ಕೂಡಿಸಿ ಕಳೆದು, ಈ ಕಾರಿಗೆ 13 ಲಕ್ಷ ಕೊಡಬಹುದೆಂದು ಕಾಗದದ ಕೊನೆಯಲ್ಲಿ ಬರೆದು ಅಡಿಗೆರೆ ಎಳೆದೆ. ಆ ಅಂಕಿಯನ್ನು ಮಿತ್ರರಿಗೆ ಹೇಳಲಿಲ್ಲ.

ಅವರು ಮಾತ್ರ ಏನನ್ನೂ ಮುಚ್ಚಿಡಲಿಲ್ಲ. ಮರುವಾರ ಮನೆಗೆ ಹೋದಾಗ ದಪ್ಪನೆಯ ಕಡತವೊಂದನ್ನು ಮುಂದಿಟ್ಟರು. ಛಾವಣಿಯ ಯಂತ್ರದಲ್ಲಿ ಎಣ್ಣೆ ಸೋರಿ ರಿಪೇರಿ ಮಾಡಿಸಿದ ಬಿಲ್ಲು, ಬದಲಾಯಿಸಿದ ಟೈರುಗಳ ರಸೀತಿ ಎಲ್ಲವೂ ಅದರಲ್ಲಿದ್ದವು. ಬಲಗಡೆಯ ಚಕ್ರದ ರಿಮ್ಮಿನಲ್ಲಿದ್ದ, ನನ್ನ ಕಣ್ಣಿಗೆ ಬೀಳದಿದ್ದ ಸಣ್ಣ ಬಿರುಕನ್ನು ಬಗ್ಗಿ ತಾವೇ ತೋರಿಸಿದರು. ನಾನು “ನೋಡೋಣ” ಎಂದೆ. ತಿಂಗಳು ಬಿಟ್ಟು ಅವರು 14 ಎಂದರು. ಆಗಲೂ “ನೋಡೋಣ” ಎಂದೆ.

“ನೀವು ಕಾರು ನೋಡ್ತಿಲ್ಲ. ಅವರಿಗೆ ಎಷ್ಟು ಕಷ್ಟ ಇದೆ ಅಂತ ಅಳೀತಿದ್ದೀರಿ,” ಎಂದಳು ಹೆಂಡತಿ. ಅವರ ಕಂಪನಿ ದೆಹಲಿಯ ಕಚೇರಿಯನ್ನು ಮುಚ್ಚಿದ್ದು, ಅವರು ಮೈಸೂರಿಗೆ ಮರಳುವ ತಯಾರಿಯಲ್ಲಿದ್ದುದು ನನಗೆ ಗೊತ್ತಿತ್ತು. ಕಾರಿನ ಬೆಲೆ ಇಳಿದಂತೆ ಅದರ ಸಾಲದ ಬಾಕಿ ಇಳಿಯುವುದಿಲ್ಲವೆಂಬುದೂ, ಲೆಕ್ಕದವನಾಗಿ, ನನಗೆ ಗೊತ್ತಿತ್ತು. ಆದರೂ ಕಾಯುವುದನ್ನೇ ಜಾಣತನವೆಂದುಕೊಂಡೆ.

ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್ 1970ರಲ್ಲಿ ಬರೆದ, ಮುಂದೆ 2001ರಲ್ಲಿ ಅವರಿಗೆ ನೊಬೆಲ್ ದೊರೆಯಲು ಕಾರಣವಾದ ಪ್ರಬಂಧಕ್ಕೆ ಹಳೆಯ ಕಾರುಗಳ ಮಾರುಕಟ್ಟೆಯೇ ಉದಾಹರಣೆ. ಕಾರಿನ ದೋಷ ಮಾರುವವನಿಗೆ ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ. ಆ ಅನುಮಾನದಿಂದಾಗಿ ಒಳ್ಳೆಯ ಕಾರಿಗೂ ತಕ್ಕ ಬೆಲೆ ಸಿಕ್ಕುವುದಿಲ್ಲ ಎಂಬುದು ಅದರ ಸಾರ. ನಮ್ಮ ವ್ಯವಹಾರದಲ್ಲಿ ಅದು ತಲೆಕೆಳಗಾಗಿತ್ತು. ಮಾರುವವರು ರಿಮ್ಮಿನ ಬಿರುಕನ್ನೂ ತೋರಿಸಿದ್ದರು. ಗುಟ್ಟನ್ನು ಜೇಬಿನಲ್ಲಿಟ್ಟುಕೊಂಡಿದ್ದವನು ನಾನು.

ಮಾರ್ಚ್ ಮೊದಲ ವಾರದ ಒಂದು ಭಾನುವಾರ ಬೆಳಗಿನ ಆರಕ್ಕೆ ಮನೆಯ ಮುಂದೆ ಹಾರ್ನ್ ಕೇಳಿಸಿತು. “ಬನ್ನಿ ಸಾರ್, ಒಂದು ಸುತ್ತು ಹೋಗಿ ಬರೋಣ,” ಎಂದು ಮಿತ್ರರು ಕೀಲಿಯನ್ನು ನನ್ನ ಕೈಗಿಟ್ಟರು. ಛಾವಣಿ ತೆರೆದಿತ್ತು. ಖಾಲಿ ರಸ್ತೆಯಲ್ಲಿ ಇಂಡಿಯಾ ಗೇಟಿನ ಸುತ್ತ ಹೋಗಿ ಶಾಂತಿಪಥಕ್ಕೆ ತಿರುಗಿದೆವು. ವೇಗ ಐವತ್ತನ್ನು ಮೀರಲಿಲ್ಲ. ಕುತ್ತಿಗೆಗೆ ತಣ್ಣನೆಯ ಗಾಳಿ, ತಲೆಯ ಮೇಲೆ ಬೇವಿನ ಕೊಂಬೆಗಳು ಹಿಂದಕ್ಕೆ ಸರಿಯುತ್ತಿದ್ದವು. ನಾನು ಸೇತುವೆ ದಾಟುತ್ತಿದ್ದೆ.

ಮನೆಯ ಮುಂದೆ ನಿಲ್ಲಿಸಿ, 13 ಎಂದು ಹೇಳಲು ಬಾಯಿ ತೆರೆಯುವಷ್ಟರಲ್ಲಿ ಅವರೇ ಹೇಳಿದರು: “ನಿನ್ನೆ ಕರೋಲ್ ಬಾಗಿನ ಒಬ್ಬ ದಲ್ಲಾಳಿಗೆ ಕೊಟ್ಟುಬಿಟ್ಟೆ ಸಾರ್, ಹನ್ನೊಂದಕ್ಕೆ. ಮಧ್ಯಾಹ್ನ ಬಂದು ಒಯ್ತಾನೆ. ನಿಮಗೆ ಇಷ್ಟ ಇತ್ತಲ್ಲ, ಒಮ್ಮೆ ಓಡಿಸಲಿ ಅಂತ ತಂದೆ.”

ನನ್ನ ಎರಡು ಲಕ್ಷದ ಮೌನದ ನಷ್ಟವನ್ನು ಹೊತ್ತವರು ಅವರು. ಆ ಮಾತನ್ನು ಅವರಿಗೆ ಅಂದೂ ಹೇಳಲಿಲ್ಲ, ಮೈಸೂರಿನಿಂದ ಫೋನ್ ಮಾಡಿದಾಗಲೂ ಹೇಳಲಿಲ್ಲ. ಅವರು ಈ ಬರಹವನ್ನು ಓದಬಹುದು, ಓದಲಿ ಎಂದೇ ಬರೆದಿದ್ದೇನೆ.

ಹಳೆಯ ಕಾರು ಕೊಳ್ಳಹೊರಟ ಕಿರಿಯರು ಈಗಲೂ ನನ್ನ ಸಲಹೆ ಕೇಳುತ್ತಾರೆ. ಮೆಕ್ಯಾನಿಕ್ಕನ್ನು ಜೊತೆಗೆ ಕರೆದೊಯ್ಯಿರಿ, ಆರ್.ಸಿ. ಪುಸ್ತಕದಲ್ಲಿ ಸಾಲದ ನಮೂದಿದೆಯೇ ನೋಡಿ, ಬಿಡಿಭಾಗದ ಬೆಲೆಯನ್ನು ಮೊದಲೇ ವಿಚಾರಿಸಿ ಎನ್ನುತ್ತೇನೆ. ಇಷ್ಟು ಮಾಡಿದ ಮೇಲೆ ನಿಮ್ಮ ಕಾಗದದ ಕೊನೆಯಲ್ಲಿ ಒಂದು ಅಂಕಿ ಉಳಿಯುತ್ತದೆ. ಅದನ್ನು ಅವತ್ತೇ ಹೇಳಿಬಿಡಿ.